ಹಳೇ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ: ಲ್ಯಾಗ್ ಹೋಯ್ತು, ಸ್ಪೀಡೂ ಸ್ವಲ್ಪ ಹೋಯ್ತು

ಮೊದಲೇ ಹೇಳಿಬಿಡುತ್ತೇನೆ. ಸ್ಪೀಡ್ ಟೆಸ್ಟಿನಲ್ಲಿ ನಿಮ್ಮ ನೆಟ್ ಚೆನ್ನಾಗಿಯೇ ಬರುತ್ತಿದ್ದು, ಮೀಟಿಂಗಿನಲ್ಲಿ ಮಾತ್ರ ಮಾತು ತುಂಡಾಗುತ್ತಿದ್ದರೆ, ಗೇಮಿನಲ್ಲಿ ಗುಂಡು ಅರ್ಧ ಸೆಕೆಂಡ್ ತಡವಾಗಿ ತಾಗುತ್ತಿದ್ದರೆ, ದಯವಿಟ್ಟು ದೊಡ್ಡ ಪ್ಲಾನ್ ಹಾಕಿಸಬೇಡಿ. ದುಡ್ಡು ದಂಡ. ನಾನು ಹಾಕಿದ್ದು ಒಂದು ಸೆಕೆಂಡ್ ಹ್ಯಾಂಡ್ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರ್, ಅದರ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ, ಕಂಪನಿಯದರ ಬದಲು ಹಾಕುವ ಉಚಿತ ಸಾಫ್ಟ್‌ವೇರ್, ಅದರೊಳಗೆ ಎಸ್‌ಕ್ಯುಎಂ ಅನ್ನುವ, ಡೇಟಾದ ಸಾಲು ನಿಭಾಯಿಸುವ ಚಿಕ್ಕ ಪ್ಯಾಕೇಜ್. ಈ ಮೂರೂ ಸೇರಿಸಿ ಬರೆಯುತ್ತಿರುವ ರಿವ್ಯೂ ಇದು. 5ಕ್ಕೆ 4. ಒಂದು ಕಳೆದದ್ದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಮ್ಮದು ಬೆಂಗಳೂರಿನ ಶ್ರೀನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಆ ಕಡೆಯ ಮನೆಗಳು ಗೊತ್ತಲ್ವಾ, ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ನೆಟ್ 100 ಎಂಬಿಪಿಎಸ್ ಫೈಬರ್. ಹೆಂಡತಿಗೆ ವರ್ಕ್ ಫ್ರಂ ಹೋಮ್, ಇಡೀ ದಿನ ವಿಡಿಯೊ ಕಾಲ್. ಅಕ್ಕನ ಮಗ ನಮ್ಮಲ್ಲೇ ಇದ್ದು ಓದುತ್ತಿದ್ದಾನೆ, ಓದಿಗಿಂತ ವ್ಯಾಲೊರಂಟ್ ಗೇಮ್ ಜಾಸ್ತಿ. ಟಿವಿಯಲ್ಲಿ ಅತ್ತೆಯ ಸೀರಿಯಲ್ಲು. ಗೇಟಿನ ಹತ್ತಿರದ ಕ್ಯಾಮೆರಾ ದಿನವಿಡೀ ಎಲ್ಲಿಗೋ ವಿಡಿಯೊ ಕಳಿಸುತ್ತಿರುತ್ತದೆ. ಎಲ್ಲರ ಫೋನೂ ಚಾರ್ಜಿಗೆ ಹಾಕಿದ ಕೂಡಲೇ ಫೋಟೊಗಳನ್ನು ಮೇಲಕ್ಕೆ ತಳ್ಳಲು ಶುರು ಮಾಡುತ್ತದೆ. ಇಷ್ಟಕ್ಕೆ 100 ಸಾಲದಾ? ಧಾರಾಳವಾಗಿ ಸಾಕು. ಟೆಸ್ಟ್ ಮಾಡಿದಾಗಲೆಲ್ಲ 95, 98 ಬರುತ್ತಿತ್ತು. ಆದರೂ ಸಂಜೆ ಆದರೆ "ಮಾವ, ನೆಟ್ ಯಾರು ಎಳೀತಿದ್ದೀರಾ" ಅಂತ ಒಳಗಿನಿಂದ ಕೂಗು.

ನೆಟ್ ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ. "ಸರ್, ನಿಮ್ಮನೇಲಿ ಡಿವೈಸ್ ಜಾಸ್ತಿ ಇದೆ, 200ರ ಪ್ಲಾನಿಗೆ ಹೋಗಿ." ಕಂಪನಿಯ ಹೆಸರು ಬೇಡ ಬಿಡಿ. ಪಿಂಗ್ ಎಷ್ಟಿದೆ ಅಂತ ಒಬ್ಬರಾದರೂ ಕೇಳಬೇಕಲ್ವಾ? ಕೇಳಲಿಲ್ಲ. ಎಂಬಿಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಡೇಟಾ ಬರುತ್ತದೆ ಅನ್ನುವ ಲೆಕ್ಕ. ಪಿಂಗ್ ಅಂದರೆ ನಾವು ಕಳಿಸಿದ್ದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಲೆಕ್ಕ. ಎರಡೂ ಬೇರೆ ಬೇರೆ. ವಿಡಿಯೊ ಕಾಲಿಗೆ ಬೇಕಾದ ಸ್ಪೀಡ್ ಎರಡು ಮೂರು ಎಂಬಿಪಿಎಸ್, ಗೇಮಿಗೆ ಅದೂ ಬೇಡ. ಅವಕ್ಕೆ ಬೇಕಾದದ್ದು ಪ್ರತಿ ಪ್ಯಾಕೆಟ್ಟೂ, ಅಂದರೆ ಡೇಟಾದ ಪ್ರತಿ ಚಿಕ್ಕ ತುಂಡೂ, ಹೊತ್ತಿಗೆ ಸರಿಯಾಗಿ ಬರುವುದು.

ದುಡ್ಡು ಖರ್ಚು ಮಾಡುವ ಮುಂಚೆ ತಡ ಎಲ್ಲಾಗುತ್ತಿದೆ ಅಂತ ಹಿಡಿಯಬೇಕು. ಅದಕ್ಕೆ ಮೊದಲು ವೈಫೈ ಅನ್ನು ಲೆಕ್ಕದಿಂದ ತೆಗೆದುಬಿಡಿ, ಅಂದರೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ರೂಟರಿಗೆ ಚುಚ್ಚಿ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಅಂತ ಬರೆದು ರೂಟರಿನ ವಿಳಾಸ ಕೊಡಿ, ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಇರುತ್ತದೆ. ಇನ್ನೊಂದು ಕಿಟಕಿಯಲ್ಲಿ ಹೊರಗಿನ ಒಂದು ವಿಳಾಸ, ಗೂಗಲ್‌ನ 8.8.8.8 ಸಾಕು. ಕೊನೆಯಲ್ಲಿ ಮೈನಸ್ ಟಿ (-t) ಹಾಕಿದರೆ ನಿಲ್ಲದೆ ಓಡುತ್ತಿರುತ್ತದೆ. ನಮ್ಮಲ್ಲಿ ಏನೂ ಓಡದೆ ಇದ್ದಾಗ ರೂಟರಿಗೆ 1 ಮಿಲಿ ಸೆಕೆಂಡಿಗಿಂತ ಕಡಿಮೆ, ಹೊರಗೆ 12. ಬಹಳ ಚೆನ್ನಾಗಿದೆ. ಈಗ ಫೋನಿನಿಂದ ಒಂದು ದೊಡ್ಡ ವಿಡಿಯೊ ಡ್ರೈವಿಗೆ ಹಾಕಲು ಬಿಟ್ಟು ಪರದೆ ನೋಡುತ್ತಾ ಕೂತರೆ 12, 13, 12, 88, 190, 260, 310. ರೂಟರಿನ ಕಿಟಕಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅಪ್‌ಲೋಡ್ ನಿಂತ ಕೂಡಲೇ ಮತ್ತೆ 12. ಅಲ್ಲಿಗೆ ಕಳ್ಳ ಸಿಕ್ಕಿದ. ತಡ ಆಗುತ್ತಿರುವುದು ಮನೆಯಿಂದ ಹೊರಗೆ ಹೋಗುವ ಬಾಗಿಲಲ್ಲಿ.

ಕಮಾಂಡ್ ಎಲ್ಲ ಬೇಡ ಅನ್ನುವವರು ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ತೆರೆದು, ಸ್ಪೀಡ್ ಬಂದ ಮೇಲೆ ಹೆಚ್ಚಿನ ಮಾಹಿತಿ ಅನ್ನುವ ಗುಂಡಿ ಒತ್ತಿ. ಅಲ್ಲಿ ಲೇಟೆನ್ಸಿ ಅಂತ ಎರಡು ಅಂಕಿ ಬರುತ್ತವೆ, ಒಂದು ಲೈನ್ ಖಾಲಿ ಇದ್ದಾಗ, ಇನ್ನೊಂದು ಲೈನ್ ತುಂಬಿದಾಗ. ಎರಡರ ನಡುವೆ ಹತ್ತಿಪ್ಪತ್ತರ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೂರು ಇನ್ನೂರು ಇದ್ದರೆ ನಿಮ್ಮದೂ ನಮ್ಮದೇ ಕಾಯಿಲೆ.

ಈ ಕಾಯಿಲೆಗೆ ಬಫರ್‌ಬ್ಲೋಟ್ ಅಂತ ಹೆಸರು. ಬೆಳಿಗ್ಗೆ ದರ್ಶಿನಿಯಲ್ಲಿ ನಿಮ್ಮ ಮುಂದೆ ನಿಂತವರು ಆಫೀಸಿಗೆ ನಲವತ್ತು ಪ್ಲೇಟ್ ಇಡ್ಲಿ ಪಾರ್ಸೆಲ್ ಹೇಳಿದ್ದಾರೆ, ನಿಮಗೆ ಬೇಕಿರುವುದು ಒಂದು ಬೈಟು ಕಾಫಿ, ಆದರೂ ಅವರದು ಮುಗಿಯುವವರೆಗೆ ನೀವು ಕಾಯಬೇಕು. ಕೌಂಟರ್ ಎಷ್ಟು ಚುರುಕು ಅನ್ನುವುದಕ್ಕಿಂತ ಸಾಲು ಹೇಗೆ ನಿಲ್ಲಿಸಿದ್ದಾರೆ ಅನ್ನುವುದು ಮುಖ್ಯ. ಮೆಮೊರಿ ಅಗ್ಗ ಆದ ಮೇಲೆ ರೂಟರ್ ಮಾಡುವವರು ಪ್ಯಾಕೆಟ್ ಕಳೆದುಹೋಗಬಾರದು ಅಂತ ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್ ಕಾಯುವ ಜಾಗ, ಇಟ್ಟರು. ಫೋಟೊ ಬ್ಯಾಕಪ್ ಆ ಬಫರನ್ನು ತುಂಬಿಸುತ್ತದೆ, ಹೆಂಡತಿಯ ಮಾತಿನ ಪ್ಯಾಕೆಟ್ಟು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಅನ್ನುವವರು ತಮ್ಮ ಮನೆಯ ನೆಟ್ ಯಾಕೆ ಹೀಗೆ ಅಂತ ಕೆದಕುತ್ತಾ ಹೋಗಿ ಇದಕ್ಕೆ ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೊಡೆಲ್ ಅನ್ನುವ ಉಪಾಯ ಕೊಟ್ಟರು. ನಾವೆಲ್ಲ ಬಳಸುವ ಟ್ರೇಸ್‌ರೂಟ್ (ಪ್ಯಾಕೆಟ್ ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅಂತ ತೋರಿಸುವ ಕಮಾಂಡ್) ಮೊದಲು ಬರೆದದ್ದೂ ಇದೇ ಜೇಕಬ್‌ಸನ್. ಆಮೇಲೆ ಎಫ್‌ಕ್ಯು-ಕೊಡೆಲ್ ಬಂತು. 2018ರಲ್ಲಿ ಕೇಕ್ ಅನ್ನುವುದು ಓಪನ್‌ಡಬ್ಲ್ಯುಆರ್‌ಟಿಯ ತಳಹದಿಯಾದ ಲಿನಕ್ಸ್ 4.19ರೊಳಗೇ ಸೇರಿತು. ಒಟ್ಟಿನಲ್ಲಿ ಇವು ಮಾಡುವುದಿಷ್ಟು: ಒಬ್ಬೊಬ್ಬರಿಗೂ ಬೇರೆ ಸಾಲು ಮಾಡಿ, ಸರದಿ ಪ್ರಕಾರ ಸ್ವಲ್ಪ ಸ್ವಲ್ಪ ಬಿಡುತ್ತವೆ, ಯಾವ ಸಾಲೂ ಅತಿಯಾಗಿ ಬೆಳೆಯಲು ಬಿಡುವುದಿಲ್ಲ. ದುಡ್ಡು ಕೊಡಬೇಕಾಗಿಲ್ಲ. ನೆಟ್ ಕಂಪನಿ ನಮಗೆ ಕೊಟ್ಟ ಡಬ್ಬಿಯಲ್ಲಿ ಮಾತ್ರ ಇದು ಇರಲಿಲ್ಲ.

ಅದಕ್ಕೇ ಎಸ್.ಪಿ. ರೋಡಿಗೆ ಹೋದದ್ದು. ಅಂಗಡಿಯವನು ಆರು ಆಂಟೆನಾದ ಒಂದನ್ನು ಮುಂದಿಟ್ಟ. "ಇದು ತಗೊಳ್ಳಿ ಸರ್, ಗೇಮಿಂಗ್ ರೂಟರ್, ಪಕ್ಕದ ರೋಡಿಗೂ ಸಿಗ್ನಲ್ ಬರುತ್ತೆ." ಪಕ್ಕದ ರೋಡಿನಲ್ಲಿ ನನಗೇನು ಕೆಲಸ. ಹಳೇ ಸಿ6 ಇದೆಯಾ ಅಂದೆ, ಒಳಗಿನಿಂದ ಧೂಳು ಹಿಡಿದ ಎರಡು ಮೂರು ತಂದ. ಇಲ್ಲಿ ಒಂದು ಎಚ್ಚರ. ಹೆಸರು ಒಂದೇ ಆದರೂ ಪ್ರತಿ ವರ್ಷನ್ನಿನ ಹೊಟ್ಟೆಯೊಳಗೆ ಬೇರೆಯದೇ ಇರುತ್ತದೆ. ಸಿ6ರ ಎರಡನೇ ವರ್ಷನ್ನಿನಲ್ಲಿ ಕ್ವಾಲ್‌ಕಾಮ್ ಚಿಪ್, ಮೂರನೆಯದರಲ್ಲಿ ಮೀಡಿಯಾಟೆಕ್‌ನ ಎಂಟಿ7621. ರೂಟರ್ ತಿರುಗಿಸಿದರೆ ತಳದ ಸ್ಟಿಕ್ಕರಿನಲ್ಲಿ ವರ್ಷನ್ ಬರೆದಿರುತ್ತದೆ. ಅಲ್ಲೇ ನಿಂತು ಫೋನಿನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಹಾರ್ಡ್‌ವೇರ್ ಪಟ್ಟಿ ತೆಗೆದು, ಅದೇ ಮಾಡೆಲ್, ಅದೇ ವರ್ಷನ್ ಇದೆಯಾ ಅಂತ ಹೊಂದಿಸಿ ನೋಡಿಯೇ ದುಡ್ಡು ಕೊಡಿ. ನಾನು ಮೂರನೆಯದನ್ನು ತಂದೆ, ಸಾವಿರದ ಆಸುಪಾಸು. ಅಡಾಪ್ಟರ್ ಬೇರೆ ಯಾವುದೋ ಕೊಡಲು ಬಂದ, 12 ವೋಲ್ಟಿನದು ಹುಡುಕಿಸಿ ಇಸಕೊಂಡೆ.

ಓಪನ್‌ಡಬ್ಲ್ಯುಆರ್‌ಟಿ ಹೊಸದೇನಲ್ಲ. ಲಿಂಕ್ಸಿಸ್ ಕಂಪನಿ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಸೋರ್ಸ್ ಕೋಡ್ ಹೊರಗೆ ಬಿಟ್ಟ ಮೇಲೆ 2004ರಲ್ಲಿ ಶುರುವಾದದ್ದು, ಹೆಸರೂ ಅಲ್ಲಿಂದಲೇ ಬಂದದ್ದು. ಹಾಕುವುದು ಸುಲಭ. ರೂಟರಿನ ಹಳೇ ಪುಟದಲ್ಲೇ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಜಾಗದಲ್ಲಿ ಫ್ಯಾಕ್ಟರಿ ಅಂತ ಹೆಸರಿರುವ ಫೈಲ್ ಕೊಟ್ಟು ಕಾಯುವುದು. ಮಧ್ಯೆ ಕರೆಂಟ್ ಹೋದರೆ ಫಜೀತಿ, ಹಾಗಾಗಿ ಯುಪಿಎಸ್ ಮೇಲೆ ಇಟ್ಟು ಮಾಡಿ. ಬೂಟ್ ಆದ ಮೇಲೆ ಹೊಸಬರು ಹೆದರುವುದು ಒಂದಕ್ಕೆ: ವೈಫೈ ಕಾಣುವುದೇ ಇಲ್ಲ. ಕೆಟ್ಟಿಲ್ಲ, ಮೊದಲಿಗೆ ಅದು ಆಫ್ ಆಗಿಯೇ ಬರುತ್ತದೆ. ಲ್ಯಾನ್ ಕೇಬಲ್ ಹಾಕಿ 192.168.1.1 ತೆರೆದು, ಪಾಸ್‌ವರ್ಡ್ ಇಟ್ಟು, ದೇಶ ಭಾರತ ಅಂತ ಆರಿಸಿ, ನಾವೇ ಆನ್ ಮಾಡಬೇಕು.

ಪೀಡೆ ಬಂದದ್ದು ನೆಟ್ ಕಂಪನಿಯ ಕಡೆಯಿಂದ. ನಮ್ಮದು ಪಿಪಿಪಿಒಇ ಲಾಗಿನ್, ಅದರ ಯೂಸರ್‌ನೇಮ್ ಪಾಸ್‌ವರ್ಡ್ ನನ್ನ ಹತ್ತಿರ ಇರಲಿಲ್ಲ. ಕೇಳಿದರೆ ಲೈನಿನ ಹುಡುಗ "ಅದ್ಯಾಕೆ ಅಣ್ಣ ನಿಮಗೆ" ಅಂದ. ಗೋಗರೆದ ಮೇಲೆ ವಾಟ್ಸಾಪಿಗೆ ಕಳಿಸಿದ. ಅಷ್ಟಾದರೂ ಕನೆಕ್ಟ್ ಆಗಲಿಲ್ಲ, ಯಾಕೆಂದರೆ ಹಳೇ ಡಬ್ಬಿಯ ಮ್ಯಾಕ್ ವಿಳಾಸಕ್ಕೆ (ಪ್ರತಿ ಉಪಕರಣಕ್ಕೂ ಇರುವ ಗುರುತಿನ ಸಂಖ್ಯೆ) ಅವರು ಗಂಟು ಹಾಕಿದ್ದರು. ಅವರಿಂದ ಬಿಡಿಸಬೇಕು, ಇಲ್ಲವಾದರೆ ಹಳೇ ಡಬ್ಬಿಯ ಕೆಳಗೆ ಬರೆದಿರುವ ಮ್ಯಾಕ್ ಅನ್ನು ಹೊಸದರಲ್ಲಿ ತುಂಬಿಸಬೇಕು. ನಾನು ಎರಡನೆಯದನ್ನು ಮಾಡಿದೆ, ಫೋನಿನಲ್ಲಿ ಕಾಯುವ ತಾಳ್ಮೆ ಯಾರಿಗಿದೆ.

ಇನ್ನು ಎಸ್‌ಕ್ಯುಎಂ, ಅಂದರೆ ಮೇಲೆ ಹೇಳಿದ ಕೇಕನ್ನು ಓಡಿಸುವ ಪ್ಯಾಕೇಜ್. ಸಾಫ್ಟ್‌ವೇರ್ ಪುಟದಲ್ಲಿ ಪಟ್ಟಿ ಅಪ್‌ಡೇಟ್ ಮಾಡಿ, ಎಸ್‌ಕ್ಯುಎಂ ಅಂತ ಹುಡುಕಿ, ಹಾಕಿಕೊಳ್ಳುವುದು. ಇಂಟರ್‌ಫೇಸ್ ಕೇಳುತ್ತದೆ, ಪಿಪಿಪಿಒಇ ಇರುವವರು ಬರೀ ವ್ಯಾನ್ (WAN) ಆರಿಸದೆ ಪಿಪಿಪಿಒಇ-ವ್ಯಾನ್ ಅಂತ ಇರುವುದನ್ನು ಆರಿಸಿ. ಸ್ಪೀಡನ್ನು ಕಿಲೋಬಿಟ್‌ನಲ್ಲಿ ತುಂಬಬೇಕು. 100ರ ಪ್ಲಾನಿಗೆ ಎರಡೂ ಕಡೆ 90000 ಅಂತ ಹಾಕಿದೆ, ಕ್ಯೂ ಜಾಗದಲ್ಲಿ ಕೇಕ್, ಪ್ರತಿ ಪ್ಯಾಕೆಟ್ಟಿಗೆ ಅಂಟಿಕೊಳ್ಳುವ ಹೆಚ್ಚುವರಿ ಬೈಟುಗಳ ಲೆಕ್ಕವಾದ ಓವರ್‌ಹೆಡ್ 44. ಬೇಕಂತಲೇ ಕಡಿಮೆ ಹಾಕುವುದು ಯಾಕೆ ಅಂದರೆ, ಸಾಲು ಕಂಪನಿಯ ಉಪಕರಣದಲ್ಲಿ ಬೆಳೆದರೆ ಅದು ನಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮ ರೂಟರೇ ಲೈನಿಗಿಂತ ಒಂಚೂರು ನಿಧಾನ ಇದ್ದರೆ ಸಾಲು ನಮ್ಮಲ್ಲೇ ನಿಲ್ಲುತ್ತದೆ, ಆಗ ನಾವು ಹೇಳಿದ ಹಾಗೆ ಕೇಳುತ್ತದೆ. 90ರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾ, ಪಿಂಗ್ ಎಲ್ಲಿ ಕುಣಿಯಲು ಶುರುವಾಗುತ್ತದೋ ಅಲ್ಲಿಂದ ಹಿಂದಕ್ಕೆ ಬನ್ನಿ.

ಮತ್ತೆ ಅದೇ ಪರೀಕ್ಷೆ. ಲ್ಯಾಪ್‌ಟಾಪಿಗೆ ವೈರು, ಫೋನಿನಿಂದ ಡ್ರೈವಿಗೆ ವಿಡಿಯೊ, ಪರದೆ ಮೇಲೆ ಪಿಂಗ್. 12, 14, 13, 17, 13, 15. ಒಮ್ಮೊಮ್ಮೆ 22. ಅಷ್ಟೇ. ಮುನ್ನೂರು ಎಲ್ಲಿ, ಹದಿನೈದು ಎಲ್ಲಿ! ಸ್ಪೀಡ್ ಟೆಸ್ಟ್ 98ರಿಂದ 87ಕ್ಕೆ ಇಳಿಯಿತು. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ, ಅತ್ತೆಯ ಸೀರಿಯಲ್ಲಿಗೂ ಏನೂ ಆಗಲಿಲ್ಲ. ಅಳಿಯನಿಗೆ ಮಾತ್ರ ಅದೇ ದಿನ ಗೊತ್ತಾಯಿತು, ಹೆಂಡತಿಗೆ ಗೊತ್ತಾದದ್ದು ಆಮೇಲೆ, ಅದೂ ಆಫೀಸಿನವರು ನಿಮ್ಮ ವಾಯ್ಸ್ ಕಟ್ ಆಗ್ತಿದೆ ಅನ್ನುವುದನ್ನು ನಿಲ್ಲಿಸಿದ ಮೇಲೆ.

ಈಗ ಕಳೆದ ಒಂದು ಅಂಕದ ವಿಷಯ. ಈ ಕೆಲಸವೆಲ್ಲ ರೂಟರಿನ ಚಿಪ್ಪೇ ಮಾಡಬೇಕು. ವೇಗಕ್ಕೆ ಅಂತ ಇರುವ ಹಾರ್ಡ್‌ವೇರ್ ಆಫ್‌ಲೋಡಿಂಗ್ ಅನ್ನು ಎಸ್‌ಕ್ಯುಎಂ ಇದ್ದರೆ ಬಂದ್ ಮಾಡಬೇಕಾಗುತ್ತದೆ. ನನ್ನ 100ಕ್ಕೆ ಎಂಟಿ7621 ಸಾಕು. 300, 500ರ ಪ್ಲಾನ್ ಇದ್ದವರು ಇದನ್ನು ತಂದರೆ ಚಿಪ್ಪಿಗೆ ಏದುಸಿರು ಬರುತ್ತದೆ, ಅವರು ಮೀಡಿಯಾಟೆಕ್‌ನ ಫಿಲಾಜಿಕ್ ಥರದ ಹೊಸ ಚಿಪ್ ಇರುವ ವೈಫೈ 6 ರೂಟರ್ ನೋಡಿ. ಅಧಿಕೃತ ಫೋನ್ ಆಪ್ ಇಲ್ಲ. ಅಪ್‌ಡೇಟ್ ನಾವೇ ನೆನಪಿಟ್ಟು ಮಾಡಬೇಕು. ಹೊಸ ರೂಟರಿಗೆ ಹಾಕಿದರೆ ಕಂಪನಿ ವಾರಂಟಿಗೆ ತಕರಾರು ಮಾಡಬಹುದು. ಸೆಟ್ಟಿಂಗ್ಸ್ ಪುಟಗಳೋ, ಕಾರಿನ ಬಾನೆಟ್ ತೆಗೆಯಲು ಹೆದರುವವರಿಗೆ ಅಲ್ಲ. ಮನೆಯಲ್ಲಿ ನೀವೊಬ್ಬರೇ ಇದನ್ನು ಬಲ್ಲವರಾದರೆ ಊರಿಗೆ ಹೋದಾಗಲೂ ಫೋನ್ ಬರುತ್ತದೆ, ತಯಾರಿರಿ.

ಇನ್ನೊಂದು ಮುಖ್ಯ ವಿಷಯ. ಎಸ್‌ಕ್ಯುಎಂ ಸರಿ ಮಾಡುವುದು ಹೊರಗಿನ ಬಾಗಿಲನ್ನು ಮಾತ್ರ. ವೈರು ತೆಗೆದು ವೈಫೈ ಮೇಲೆ ರೂಟರಿಗೇ ಪಿಂಗ್ ಮಾಡಿದಾಗ 3, 2, 4, 67, 3, 110, 2 ಅಂತ ಬಂದರೆ ಅದು ಗಾಳಿಯಲ್ಲಿರುವ ತೊಂದರೆ. ನಮ್ಮ ಬೀದಿಯಲ್ಲಿ ವೈಫೈ ಅನಲೈಜರ್ ಆಪ್ ತೆಗೆದರೆ ಪರದೆಯಲ್ಲಿ ಜಾಗವೇ ಇಲ್ಲ, ಅಷ್ಟು ಕಮಾನುಗಳು, ಒಂದೊಂದು ಕಮಾನೂ ಒಂದೊಂದು ವೈಫೈ. 2.4 ಗಿಗಾಹರ್ಟ್ಸ್‌ನಲ್ಲಿ ಇಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದೆ ಇರುವುದು 1, 6, 11 ಮಾತ್ರ. ಕೆಲವರು ಜಾಣತನ ಮಾಡಿ ಯಾರೂ ಇಲ್ಲ ಅಂತ 3, 4ಕ್ಕೆ ಹೋಗುತ್ತಾರೆ. ಒಂದೇ ಚಾನೆಲ್ಲಿನಲ್ಲಿ ಇರುವ ರೂಟರುಗಳು ಒಂದನ್ನೊಂದು ಕೇಳಿಸಿಕೊಂಡು ಸರದಿಗೆ ಕಾಯುತ್ತವೆ. 3ರಲ್ಲಿ ಕೂತರೆ 1ರವರದೂ 6ರವರದೂ ಬರೀ ಗದ್ದಲವಾಗಿ ಬರುತ್ತದೆ, ಪ್ಯಾಕೆಟ್ ಹಾಳಾಗಿ ಮತ್ತೆ ಕಳಿಸಬೇಕಾಗುತ್ತದೆ. ಮೈಕ್ರೊವೇವ್, ಬ್ಲೂಟೂತ್ ಎಲ್ಲ ಇದೇ ಜಾಗದಲ್ಲಿ. ಕ್ಯಾಮೆರಾ, ಹಳೇ ಫೋನು ಇಲ್ಲಿರಲಿ ಅಂತ 20 ಮೆಗಾಹರ್ಟ್ಸ್ ಅಗಲ ಇಟ್ಟು ಬಿಟ್ಟೆ. ಮೀಟಿಂಗು, ಗೇಮು ಎಲ್ಲ 5 ಗಿಗಾಹರ್ಟ್ಸ್‌ಗೆ. ಅಲ್ಲಿ ಚಾನೆಲ್ 36 ಹಾಕಿದ್ದೇನೆ. 52ರಿಂದ 144ರವರೆಗಿನವು ರೇಡಾರಿನ ಜೊತೆ ಹಂಚಿಕೊಳ್ಳುವವು, ಅವನ್ನು ಆರಿಸಿದರೆ ರೂಟರ್ ಆನ್ ಆದಾಗ ರೇಡಾರ್ ಇದೆಯಾ ಅಂತ ಕನಿಷ್ಠ 60 ಸೆಕೆಂಡ್ ಕೇಳಿಸಿಕೊಂಡೇ ಮಾತಾಡುವುದು. ದಿನಾ ಕರೆಂಟ್ ಹೋಗುವ ಏರಿಯಾದಲ್ಲಿ ಅದೊಂದು ಕಿರಿಕಿರಿ.

ಜಾಗ ಬದಲಿಸಿದ್ದರಿಂದ ಆದಷ್ಟು ಉಪಯೋಗ ಯಾವ ಸೆಟ್ಟಿಂಗಿನಿಂದಲೂ ಆಗಲಿಲ್ಲ ಅಂದರೆ ನಂಬಬೇಕು. ಮೊದಲು ರೂಟರ್ ಇದ್ದದ್ದು ಟಿವಿ ಹಿಂದೆ, ಅದಕ್ಕೂ ರೂಮಿಗೂ ನಡುವೆ ಸ್ಟೀಲ್ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ತಗಡು, ಕನ್ನಡಿ ದಾಟಿ 5 ಗಿಗಾಹರ್ಟ್ಸ್ ಬರುವುದು ಕಷ್ಟ. ಹಾಲ್‌ನ ಲಾಫ್ಟಿನ ಅಂಚಿಗೆ ಏರಿಸಿದ ಮೇಲೆ ರೂಮಿನ ಮೂಲೆಯಲ್ಲಿ ಸಿಗ್ನಲ್ ಮೈನಸ್ 78ರಿಂದ ಮೈನಸ್ 61 ಡಿಬಿಎಂಗೆ ಬಂತು (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಮಾತು, ವಿಡಿಯೊಗೆ ಮೈನಸ್ 67ಕ್ಕಿಂತ ಕೆಳಗೆ ಹೋಗಬಾರದು ಅನ್ನುವುದು ವಾಡಿಕೆ ಲೆಕ್ಕ. ಸಿಗ್ನಲ್ ಸಿಗದ ಒಂದೇ ಒಂದು ಫೋನ್ ಮೂಲೆಯಲ್ಲಿ ಕೂತು ನಿಧಾನವಾಗಿ ಮಾತಾಡುತ್ತಿದ್ದರೂ ಉಳಿದವರೆಲ್ಲ ಕಾಯಬೇಕು, ಯಾಕೆಂದರೆ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡುವುದು.

ಹೆಂಡತಿಯ ಆಪಲ್ ಮ್ಯಾಕ್ ಕಂಪ್ಯೂಟರಿನಲ್ಲಿ ಆಮೇಲೂ ಆಗಾಗ ಪಿಂಗ್ ಜಿಗಿಯುತ್ತಿತ್ತು. ಅದು ವೈರಿಲ್ಲದೆ ಫೈಲ್ ಕಳಿಸುವ ಏರ್‌ಡ್ರಾಪ್‌ನ ಕೆಲಸ. ಅಕ್ಕಪಕ್ಕದ ಆಪಲ್ ಸಾಮಾನುಗಳನ್ನು ಹುಡುಕಲು ಅದು ಚಾನೆಲ್ ಬಿಟ್ಟು ಹೋಗಿ ಬರುತ್ತಿರುತ್ತದೆ. ಏರ್‌ಡ್ರಾಪ್ ಆಫ್ ಮಾಡಿದರೆ ಎಷ್ಟೋ ಕಡಿಮೆ.

ವೈಫೈ ಬೂಸ್ಟರ್ ಬಗ್ಗೆ ಕೇಳಬೇಡಿ. ಕೆಳಗಿನ ಮನೆ ಓನರ್ ಅಂಕಲ್ ಗೋಡೆಗೆ ಚುಚ್ಚುವ ಒಂದನ್ನು ತಂದಿದ್ದಾರೆ. ಕಡ್ಡಿಗಳು ತುಂಬಿ ಕಾಣುತ್ತವೆ, ಖುಷಿಯಾಗುತ್ತದೆ. ಆದರೆ ಪ್ರತಿ ಪ್ಯಾಕೆಟ್ಟೂ ಅದೇ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಹಾಗಾಗಿ ತಡವೂ ಜಾಸ್ತಿ, ಸ್ಪೀಡೂ ಅರ್ಧ. ಆ ದುಡ್ಡಿಗೆ ಕ್ಯಾಟ್ 6 ಲ್ಯಾನ್ ವೈರು ಎಳೆಸಿ. ನಾನು ಎಲೆಕ್ಟ್ರಿಷಿಯನ್ ಕರೆಸಿ ಹಾಲ್‌ನಿಂದ ಅಳಿಯನ ಟೇಬಲ್ಲಿನವರೆಗೆ ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಪಟ್ಟಿ ಹೊಡೆಸಿ ತೆಗೆದುಕೊಂಡು ಹೋದೆ. ತುದಿ ಕ್ರಿಂಪ್ ಮಾಡಿದ ಮೇಲೆ ಎಂಟೂ ತಂತಿ ಟೆಸ್ಟರಿನಲ್ಲಿ ಹೊತ್ತಿಕೊಳ್ಳುತ್ತವಾ ಅಂತ ಅವರ ಎದುರೇ ನೋಡಿ, ಒಂದು ಜೋಡಿ ಕೈಕೊಟ್ಟರೂ ಗಿಗಾಬಿಟ್ ಹೋಗಿ 100ಕ್ಕೆ ಬೀಳಬಹುದು. ವೈರಿನ ಮೇಲೆ ರೂಟರಿಗೆ ಪಿಂಗ್ 1ಕ್ಕಿಂತ ಕಡಿಮೆ, ಬೆಳಿಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ. ಒಂದೇ ಕೆಲಸ ಮಾಡುವಷ್ಟು ದುಡ್ಡಿದೆ ಅನ್ನುವವರಿಗೆ ರೂಟರಿಗಿಂತ ಮುಂಚೆ ಇದನ್ನೇ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ ದೂರ ಕಡಿಮೆ ಆಗುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಪ್ರತಿ 100 ಕಿಲೋಮೀಟರಿಗೆ ಹೋಗಿ ಬರಲು 1 ಮಿಲಿ ಸೆಕೆಂಡ್. ವ್ಯಾಲೊರಂಟ್‌ನ ಮುಂಬೈ ಸರ್ವರ್ ನಮಗೆ 20ರಿಂದ 30ರಲ್ಲಿ ಸಿಕ್ಕರೆ ಅದು ಒಳ್ಳೆಯದೇ. ಸಿಂಗಪುರದ ಸರ್ವರ್ ಆರಿಸಿಕೊಂಡು ಅಷ್ಟೇ ಬರಲಿ ಅಂದರೆ ಯಾವ ರೂಟರೂ ತಂದುಕೊಡುವುದಿಲ್ಲ, ಸಿಂಗಪುರ ಇರುವುದೇ 3,000 ಕಿಲೋಮೀಟರಿನ ಆಚೆ. ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿದರೆ ಪಿಂಗ್ ಇಳಿಯುತ್ತದೆ ಅನ್ನುವುದೂ ಸುಮ್ನೆ ಮಾತು. ಹೆಸರು ಹುಡುಕುವ ಮೊದಲ ಹೆಜ್ಜೆ ಬೇಗ ಆಗಬಹುದು, ಆಟ ಶುರುವಾದ ಮೇಲೆ ಡಿಎನ್‌ಎಸ್‌ಗೆ ಅಲ್ಲಿ ಕೆಲಸವೇ ಇಲ್ಲ.

ರಾತ್ರಿ ಒಂಬತ್ತರಿಂದ ಹನ್ನೊಂದು ನಮ್ಮಲ್ಲಿ ಈಗಲೂ ಪಿಂಗ್ ಕೆಲವು ದಿನ 40, 50ಕ್ಕೆ ಏರುತ್ತದೆ. ಮನೆಯಲ್ಲಿ ಏನೂ ಓಡದಿದ್ದರೂ ಏರುತ್ತದೆ, ವೈರಿನ ಮೇಲೂ ಏರುತ್ತದೆ. ಟ್ರೇಸ್‌ರೂಟ್ ಹಾಕಿದರೆ ಪರದೆಯ ಮೊದಲ ಸಾಲು, ಅಂದರೆ ನಮ್ಮ ರೂಟರ್, 1ರ ಒಳಗೆ. ಎರಡನೇ ಸಾಲಿನಿಂದ ಕೊನೆಯವರೆಗೂ ಎಲ್ಲವೂ ಏರಿರುತ್ತವೆ. ಅದು ಕಂಪನಿಯ ಕಡೆಯ ರಶ್ಶು. ಇದಕ್ಕೆ ಎಸ್‌ಕ್ಯುಎಂ ಏನೂ ಮಾಡಲಾಗದು, ಕಂಪ್ಲೇಂಟೇ ಕೊಡಬೇಕು. ಆದರೆ ನೆಟ್ ಸ್ಲೋ ಇದೆ ಅಂತ ಕೊಟ್ಟರೆ ಮತ್ತೆ 200ರ ಪ್ಲಾನಿನ ಪಾಠ ಕೇಳಬೇಕಾಗುತ್ತದೆ. ಬೆಳಿಗ್ಗೆಯದೊಂದು, ರಾತ್ರಿಯದೊಂದು ಟ್ರೇಸ್‌ರೂಟ್‌ನ ಸ್ಕ್ರೀನ್‌ಶಾಟ್, ಎರಡರಲ್ಲೂ ಟೈಮ್ ಕಾಣುವ ಹಾಗೆ ತೆಗೆದು, ವೈರಿನ ಮೇಲೆ ಮಾಡಿದ್ದು ಅಂತ ಬರೆದು ಕಳಿಸಿ. ನಾನು ಹಾಗೆ ಕಳಿಸಿದಾಗ ಮೊದಲ ಸಲ ಪ್ಲಾನಿನ ಮಾತೇ ಬರಲಿಲ್ಲ, ನೆಟ್‌ವರ್ಕ್ ಟೀಮಿನಿಂದ ಯಾರೋ ವಾಪಸ್ ಫೋನ್ ಮಾಡಿ ಎರಡನೇ ಸಾಲಿನ ಐಪಿ ಯಾವುದು ಅಂತ ಕೇಳಿದರು.